ನಮ್ಮ ತಂಡ ಆಡದ ದಿನವೂ ಜಗಳ ಏಕೆ?

ಪ್ರಶ್ನೆ: ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಖಾನಾವಳಿ ಇದೆ. ಐಪಿಎಲ್ ದಿನಗಳಲ್ಲಿ ಟಿ.ವಿ. ಹಚ್ಚಿಡುತ್ತೇನೆ. ಊಟಕ್ಕೆ ಬಂದ ಹುಡುಗರು ಪಂದ್ಯ ಮುಗಿಯುವವರೆಗೆ ಕುಳಿತಿರುತ್ತಾರೆ. ಕಳೆದ ಸೀಸನ್‌ನಲ್ಲಿ ಒಂದು ರಾತ್ರಿ ಆರ್‌ಸಿಬಿ ಆಟವೇ ಇರಲಿಲ್ಲ. ಚೆನ್ನೈ ತಂಡ ಬೇರೆ ಯಾರದೋ ಕೈಯಲ್ಲಿ ಸೋತಿತು. ಇಪ್ಪತ್ತು ವರ್ಷದ ಹುಡುಗನೊಬ್ಬ ಬೆಂಚು ಹತ್ತಿ ಕುಣಿದ. ಹಳದಿ ಜರ್ಸಿ ತೊಟ್ಟಿದ್ದ ಅವನ ದೊಡ್ಡಪ್ಪನ ಮಗ ಮಜ್ಜಿಗೆ ತುಂಬಿದ ತಂಬಿಗೆಯನ್ನೇ ಬೀಸಿ ಒಗೆದ. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದವು. ಅಂದಿನಿಂದ ಎರಡೂ ಮನೆಯವರ ನಡುವೆ ಮಾತಿಲ್ಲ. ತನ್ನ ತಂಡ ಗೆದ್ದಾಗಲೂ ಇಷ್ಟು ಕುಣಿಯದ ಹುಡುಗ, ಇನ್ನೊಬ್ಬರು ಸೋತದ್ದಕ್ಕೆ ಇಷ್ಟು ಕುಣಿದದ್ದೇಕೆ? ಮುಂದಿನ ಸಲ ನಾನು ಟಿ.ವಿ. ಬಂದ್ ಮಾಡಬೇಕೆ?

ಉತ್ತರ: ನಿಮ್ಮ ಪತ್ರದ ತೂಕವೆಲ್ಲ ಇರುವುದು "ಆರ್‌ಸಿಬಿ ಆಟವೇ ಇರಲಿಲ್ಲ" ಎಂಬ ಮಾತಿನಲ್ಲಿ. ವಿಜಯಪುರದ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ನಾನು ಈ ವಿಷಯಕ್ಕೆ ಬಂದಾಗಲೆಲ್ಲ ವಿದ್ಯಾರ್ಥಿಗಳನ್ನು ಮೊದಲು ಕೇಳುವುದು ಇದನ್ನೇ: ನಿಮ್ಮ ತಂಡ ಮೈದಾನದಲ್ಲಿ ಇಲ್ಲದ ದಿನ ಯಾರು ಸೋಲಲಿ ಎಂದು ಬಯಸುತ್ತೀರಿ? ತರಗತಿಯ ಮುಕ್ಕಾಲು ಪಾಲು ಕೈಗಳು ಯಾವ ತಂಡದ ಹೆಸರಿಗೆ ಮೇಲೇಳುತ್ತವೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಪಂಜಾಬ್ ಸೋತರೆ, ಹೈದರಾಬಾದ್ ಸೋತರೆ ಆ ಹುಡುಗರು ಚಾನೆಲ್ ಬದಲಿಸಿ ಮಲಗುತ್ತಾರೆ. ಚೆನ್ನೈ ಸೋತರೆ ಮಾತ್ರ ಹಾಸ್ಟೆಲಿನ ವರಾಂಡದಲ್ಲಿ ತಟ್ಟೆ ಬಾರಿಸುವ ಸದ್ದು ಕೇಳುತ್ತದೆ. ಇದರಲ್ಲಿ ಅಂಕಪಟ್ಟಿಯ ಲೆಕ್ಕವೂ ಸ್ವಲ್ಪ ಇರಬಹುದು, ಆದರೆ ಲೆಕ್ಕಕ್ಕಾಗಿ ಯಾರೂ ಬೆಂಚು ಹತ್ತುವುದಿಲ್ಲ.

ಈ ಸುಖವನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಬಾಸ್ಟನ್ನಿನ ರೆಡ್ ಸಾಕ್ಸ್ ಮತ್ತು ನ್ಯೂಯಾರ್ಕಿನ ಯಾಂಕೀಸ್ ತಂಡಗಳದು ಹಳೆಯ ಹಗೆ. ಮೀನಾ ಚಿಕಾರಾ ಮತ್ತು ಅವರ ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಎರಡು ತಂಡಗಳ ಕಟ್ಟಾ ಅಭಿಮಾನಿಗಳನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ ಆಟದ ಸನ್ನಿವೇಶಗಳನ್ನು ತೋರಿಸಲಾಯಿತು. ತಮ್ಮ ತಂಡ ಗೆದ್ದಾಗ ಮಿದುಳಿನಲ್ಲಿ ಬಹುಮಾನ ಸಿಕ್ಕಂತೆ ಚುರುಕಾಗುವ ಭಾಗವೇ, ಎದುರಾಳಿ ತಂಡ ಸೋತಾಗಲೂ ಚುರುಕಾಯಿತು. ಎದುರಾಳಿಯು ತಮ್ಮ ಕೈಯಲ್ಲಿ ಅಲ್ಲದೆ, ಬಾಲ್ಟಿಮೋರಿನ ಮೂರನೆಯ ತಂಡವೊಂದರ ಎದುರು ಮುಗ್ಗರಿಸಿದಾಗಲೂ ಆ ಅಭಿಮಾನಿಗಳಿಗೆ ಹಿತವೆನಿಸಿತ್ತು. ಅಧ್ಯಯನದ ಇನ್ನೊಂದು ಅಂಶ ನಿಮ್ಮ ತಂಬಿಗೆಯ ಕಥೆಗೆ ನೇರವಾಗಿ ಸಂಬಂಧಿಸಿದ್ದು: ಆ ಭಾಗ ಯಾರಲ್ಲಿ ಹೆಚ್ಚು ಚುರುಕಾಗಿತ್ತೋ, ಎದುರು ತಂಡದ ಅಭಿಮಾನಿಯನ್ನು ಹೀಯಾಳಿಸುವ, ಬೆದರಿಸುವ, ಹೊಡೆಯುವ ಸಾಧ್ಯತೆ ತಮಗಿದೆ ಎಂದು ಹೆಚ್ಚಾಗಿ ಒಪ್ಪಿಕೊಂಡವರೂ ಅವರೇ ಆಗಿದ್ದರು. ಯಂತ್ರದಲ್ಲಿ ಮಲಗಿದ್ದವರ ಸಂಖ್ಯೆ ಚಿಕ್ಕದು ಎಂಬುದನ್ನು ಮರೆಯಬಾರದು. ಹೊಡೆಯಬಹುದು ಎಂದವರೆಲ್ಲ ಹೊಡೆಯುವವರೂ ಅಲ್ಲ. ಆದರೆ ನಿಮ್ಮ ಹುಡುಗನ ಕುಣಿತ ವಿಕಾರವಲ್ಲ, ಅದು ಸಾಮಾನ್ಯ ಮನುಷ್ಯರಲ್ಲಿ ಕಾಣುವ ಸಂಗತಿ ಎಂಬಷ್ಟನ್ನು ಇದರಿಂದ ಧೈರ್ಯವಾಗಿ ಹೇಳಬಹುದು.

ಹಾಗಾದರೆ ಚೆನ್ನೈಯೇ ಏಕೆ? ಇದಕ್ಕೆ ನಮ್ಮ ಭಾಷೆಯಲ್ಲಿ ಯಾವ ಪಾಶ್ಚಾತ್ಯ ಪಂಡಿತನೂ ಹೇಳಿಕೊಡದ ಪದವೊಂದಿದೆ, ದಾಯಾದಿ. ಮತ್ಸರ ಹುಟ್ಟುವುದು ದೂರದವನ ಮೇಲಲ್ಲ, ಬದುವಿಗೆ ಬದು ಹತ್ತಿದ ಹೊಲದವನ ಮೇಲೆ. ಗೇವಿನ್ ಕಿಲ್ಡಫ್ ಮತ್ತು ಅವರ ಸಂಗಡಿಗರು 2010ರಲ್ಲಿ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ತಂಡಗಳನ್ನು ಅಭ್ಯಸಿಸಿ ಕಂಡುಕೊಂಡದ್ದೂ ಬಹುಪಾಲು ಇದನ್ನೇ: ಊರುಗಳು ಹತ್ತಿರವಿದ್ದಷ್ಟು, ತಂಡಗಳ ಅಂತಸ್ತು ಒಂದನ್ನೊಂದು ಹೋಲುತ್ತಿದ್ದಷ್ಟು, ಹಳೆಯ ಮುಖಾಮುಖಿಗಳ ನೆನಪು ದಟ್ಟವಾಗಿದ್ದಷ್ಟು ಪೈಪೋಟಿ ಗಾಢವಾಗುತ್ತದೆ. ಬೆಂಗಳೂರು ಮತ್ತು ಚೆನ್ನೈ ನೆರೆಹೊರೆ. 2011ರ ಫೈನಲ್‌ನಲ್ಲಿ ಬೆಂಗಳೂರು ತಂಡ ಚೆನ್ನೈ ಎದುರು 58 ರನ್‌ಗಳಿಂದ ಸೋತಿತು. ಚೆನ್ನೈ 2010, 2011, 2018, 2021 ಮತ್ತು 2023ರಲ್ಲಿ ಹೀಗೆ ಐದು ಸಲ ಕಪ್ ಎತ್ತಿದರೆ, ಬೆಂಗಳೂರು 2009, 2011, 2016ರ ಫೈನಲ್‌ಗಳಲ್ಲಿ ಮೂರು ಸಲ ಬಾಗಿಲ ತನಕ ಹೋಗಿ ಬರಿಗೈಯಲ್ಲಿ ಬಂದು, ಹದಿನೆಂಟನೆಯ ಸೀಸನ್ನಾದ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು ಆರು ರನ್‌ಗಳಿಂದ ಸೋಲಿಸುವವರೆಗೆ ಕಾಯಬೇಕಾಯಿತು. "ಈ ಸಲ ಕಪ್ ನಮ್ದೇ" ಎಂದು ಪ್ರತಿ ವರ್ಷ ಹೇಳಿ ಪ್ರತಿ ವರ್ಷ ಗೇಲಿಗೆ ಗುರಿಯಾದ ಹುಡುಗನೊಬ್ಬನ ಎದೆಯಲ್ಲಿ ಏನು ಶೇಖರವಾಗಿರುತ್ತದೆ ಎಂದು ಊಹಿಸಿ ನೋಡಿ.

ಹೀಗೆ ಶೇಖರವಾದದ್ದನ್ನು ಕುರಿತು ಹಾಲೆಂಡಿನಲ್ಲಿ ನಡೆದ ಅಧ್ಯಯನವೊಂದು ನನಗೆ ತುಂಬಾ ಅರ್ಥಪೂರ್ಣವೆನಿಸಿದೆ. 1998ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಜರ್ಮನಿ ಕ್ರೊಯೇಷ್ಯಾಕ್ಕೆ ಸೋತಿತು. ನೆರೆಯ ಡಚ್ಚರು ಆ ಸೋಲಿಗೆ ಎಷ್ಟು ಹಿಗ್ಗಿದರು ಎಂಬುದನ್ನು ಕಾಲಿನ್ ಲೀಚ್ ಮತ್ತು ಸಂಗಡಿಗರು ಕೆದಕಿ ನೋಡಿದಾಗ, ತಮ್ಮ ದೇಶದ ಕೀಳರಿಮೆ ಚುಚ್ಚಿದಾಗ ಈ ಹಿಗ್ಗು ಹೆಚ್ಚುತ್ತದೆ ಎಂಬುದು ಕಂಡಿತು. ಇನ್ನೊಬ್ಬರ ಸೋಲು ನಮಗೆ ರುಚಿಸುವುದು ನಮ್ಮದೇ ಗಾಯದ ಮೇಲಿನ ಮುಲಾಮಾಗಿ. ಗೆಲುವಿಗಿಂತಲೂ ಎದುರಾಳಿಯ ಸೋಲಿಗೆ ಹೆಚ್ಚು ಕುಣಿದದ್ದೇಕೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇದು. ತನ್ನ ತಂಡ ಗೆದ್ದಾಗ ನಾಳೆ ಸೋಲಬಹುದೆಂಬ ಅಳುಕು ಒಳಗೆ ಉಳಿದಿರುತ್ತದೆ. ಎದುರಾಳಿ ಸೋತಾಗ ಕಳೆದುಕೊಳ್ಳುವುದಕ್ಕೆ ಏನೂ ಇರುವುದಿಲ್ಲ, ಅದು ಪುಕ್ಕಟೆ ಸುಖ.

ತಂಡವೆಂಬುದು ಇಷ್ಟು ಆಳಕ್ಕೆ ಇಳಿಯುವುದಾದರೂ ಹೇಗೆ ಎಂದು ನೀವು ಕೇಳಬಹುದು. ಹೆನ್ರಿ ತಾಜ್‌ಫೆಲ್ ಎಂಬ ಮನಃಶಾಸ್ತ್ರಜ್ಞರು 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹದಿನಾಲ್ಕು ಹದಿನೈದರ ಶಾಲಾ ಹುಡುಗರಿಗೆ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿ, ಯಾರದು ಇಷ್ಟವಾಯಿತು ಎಂಬುದರ ಮೇಲೆ ಎರಡು ಗುಂಪು ಮಾಡಿದಂತೆ ನಟಿಸಿದರು. ನಿಜಕ್ಕೂ ಗುಂಪು ಮಾಡಿದ್ದು ಚೀಟಿ ಎತ್ತಿದಷ್ಟೇ ಅಡ್ಡಾದಿಡ್ಡಿಯಾಗಿ. ಗುಂಪಿನಲ್ಲಿ ಯಾರಿದ್ದಾರೆ ಎಂಬುದೂ ಆ ಹುಡುಗರಿಗೆ ತಿಳಿಯದು. ಆದರೂ ಹಣ ಹಂಚುವ ಅಧಿಕಾರ ಕೊಟ್ಟಾಗ, ಎರಡೂ ಗುಂಪಿಗೆ ಕೂಡಿ ಹೆಚ್ಚು ಬರುವ ದಾರಿಯನ್ನು ಬಿಟ್ಟು, ತಮ್ಮವರಿಗೆ ಸ್ವಲ್ಪ ಕಡಿಮೆ ಬಂದರೂ ಚಿಂತೆಯಿಲ್ಲ, ಎದುರಿನವರಿಗಿಂತ ಹೆಚ್ಚು ಬಂದರೆ ಸಾಕು ಎಂಬ ದಾರಿಯನ್ನು ಅವರು ಮತ್ತೆ ಮತ್ತೆ ಆರಿಸಿಕೊಂಡರು. ತನ್ನ ಒಂದು ಕಣ್ಣು ಹೋಗಲಿ, ನೆರೆಯವನ ಎರಡೂ ಕಣ್ಣು ಹೋಗಲಿ ಎಂದು ವರ ಬೇಡಿದವನ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದರ ಸೌಮ್ಯ ರೂಪ ಇದು. ಚೀಟಿ ಎತ್ತಿ ಮಾಡಿದ ಗುಂಪೇ ಇಷ್ಟು ಮಾಡುವಾಗ, ಹತ್ತು ವರ್ಷದಿಂದ ಜರ್ಸಿ ತೊಟ್ಟು, ಪ್ರತಿ ಸೋಲಿಗೂ ಊಟ ಬಿಟ್ಟು ಬೆಳೆಸಿದ ಅಭಿಮಾನ ಏನು ಮಾಡಲಾರದು? ಗೆದ್ದ ಮರುದಿನ "ನಾವು ಹೊಡದ್ವಿ" ಎನ್ನುವ ಬಾಯಿಯೇ ಸೋತ ಮರುದಿನ "ಅವರು ಸೋತರು" ಎನ್ನುವುದನ್ನು ನಿಮ್ಮ ಗಲ್ಲಾಪೆಟ್ಟಿಗೆಯ ಬಳಿ ಕುಳಿತೇ ನೀವು ಕೇಳಿರುತ್ತೀರಿ. ರಾಬರ್ಟ್ ಸಿಯಾಲ್ಡಿನಿ 1976ರಲ್ಲಿ ಅಮೆರಿಕದ ವಿದ್ಯಾರ್ಥಿಗಳಲ್ಲಿ ಗುರುತಿಸಿದ್ದೂ ಇದೇ "ನಾವು" ಮತ್ತು "ಅವರು" ಎಂಬ ಮಾತಿನ ಪಲ್ಲಟವನ್ನು.

ಇಲ್ಲಿಯವರೆಗೆ ಹೇಳಿದ್ದು ಬೆಂಚು ಹತ್ತಿದವನ ವಿಚಾರ. ತಂಬಿಗೆ ಎಸೆದವನದು ಬೇರೆ ವಿಚಾರ, ಮತ್ತು ಅಲ್ಲಿ ನನಗೆ ನಿಮ್ಮ ಪತ್ರ ಹೇಳದೆ ಬಿಟ್ಟ ಎರಡು ಸಂಗತಿಗಳ ಬಗ್ಗೆ ಅನುಮಾನವಿದೆ. ಮೊದಲನೆಯದು, ಈ ಇಬ್ಬರು ನಿಜಕ್ಕೂ ದಾಯಾದಿಗಳು. ಎರಡು ಮನೆಗಳ ನಡುವೆ ಹೊಲದ ಬದು, ಬಾವಿಯ ಪಾಳಿ, ಮದುವೆಯಲ್ಲಿ ತಪ್ಪಿಹೋದ ಮರ್ಯಾದೆ ಇಂಥದೇನಾದರೂ ಮೊದಲೇ ಇತ್ತೇ ಎಂದು ವಿಚಾರಿಸಿ. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸುವಂತೆ, ಹಳೆಯ ಜಗಳಗಳು ಆಟದ ಜಗಳದ ಜರ್ಸಿ ತೊಟ್ಟು ಬರುವುದು ಬಹಳ ಪುರಾತನ ರೂಢಿ. ಕ್ರಿ.ಶ. 532ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ರಥದ ಓಟದ ನೀಲಿ ಮತ್ತು ಹಸಿರು ಪಕ್ಷಗಳ ಅಭಿಮಾನಿಗಳು ಎದ್ದ ದಂಗೆಯಲ್ಲಿ ಸುಮಾರು ಮೂವತ್ತು ಸಾವಿರ ಜನ ಸತ್ತರೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಅದರ ಒಡಲಲ್ಲಿದ್ದದ್ದು ತೆರಿಗೆ ಮತ್ತು ಆಡಳಿತದ ಮೇಲಿನ ಸಿಟ್ಟು. ನಮ್ಮ ಕಾಲಕ್ಕೇ ಬಂದರೆ, 2018ರಲ್ಲಿ ಕಾವೇರಿ ವಿವಾದ ಕಾವೇರಿದಾಗ ಚೆನ್ನೈ ತಂಡದ ತವರಿನ ಪಂದ್ಯಗಳನ್ನು ಪುಣೆಗೆ ಸಾಗಿಸಬೇಕಾಯಿತು. ಬೆಳಗಾವಿಯವರಿಗಂತೂ ಮುಂಬೈ ಮತ್ತು ಬೆಂಗಳೂರು ಎದುರಾದ ರಾತ್ರಿ ಯಾವ ಮಾತು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದು ಚೆನ್ನಾಗಿ ಗೊತ್ತು.

ಎರಡನೆಯದು ಬೆಟ್ಟಿಂಗ್. ಅಂದು ರಾತ್ರಿ ಆ ಪಂದ್ಯದ ಮೇಲೆ ಯಾರಾದರೂ ದುಡ್ಡು ಕಟ್ಟಿದ್ದರೇ? ಈ ಭಾಗದ ಹುಡುಗರ ಮೊಬೈಲುಗಳಲ್ಲಿ ಅದು ಎಷ್ಟು ಹೊಕ್ಕಿದೆ ಎಂದು ಖಾನಾವಳಿಯವರಾದ ನಿಮಗೆ ನನಗಿಂತ ಹೆಚ್ಚು ತಿಳಿದಿರುತ್ತದೆ. ಒಬ್ಬ ಕಳೆದುಕೊಂಡ ದುಡ್ಡಿನ ಎದುರು ಇನ್ನೊಬ್ಬ ಕುಣಿದಿದ್ದರೆ, ಅದನ್ನು ಅಭಿಮಾನದ ಜಗಳವೆಂದು ಕರೆದು ನಾನು ಇಲ್ಲಿ ಉಪದೇಶ ಮಾಡುವುದು ವ್ಯರ್ಥ. ಅದಕ್ಕೆ ಬೇರೆ ಚಿಕಿತ್ಸೆ ಬೇಕು, ಮತ್ತು ಅದು ಬೇಗ ಬೇಕು.

ಇವೆರಡೂ ಇಲ್ಲವೆಂದೇ ಇಟ್ಟುಕೊಂಡು ಮುಂದುವರಿಯುತ್ತೇನೆ. ಹಿರಿಯರು ಸಾಮಾನ್ಯವಾಗಿ "ಹುಡುಗರು ಕೂಗಾಡಲಿ ಬಿಡ್ರಿ, ಹೊಟ್ಟಿಯೊಳಗಿಂದು ಹೊರಗ ಬಂದರ ಹಗುರ ಆಕ್ಕೈತಿ" ಎನ್ನುತ್ತಾರೆ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಅಮೆರಿಕದಲ್ಲಿ 1969ರ ಭೂಸೇನೆ ಮತ್ತು ನೌಕಾಪಡೆಯ ತಂಡಗಳ ಫುಟ್‌ಬಾಲ್ ಪಂದ್ಯಕ್ಕೆ ಬಂದ ಪ್ರೇಕ್ಷಕರನ್ನು ಗೋಲ್ಡ್‌ಸ್ಟೈನ್ ಮತ್ತು ಆರ್ಮ್ಸ್ ಎಂಬ ಸಂಶೋಧಕರು ಆಟಕ್ಕೆ ಮೊದಲು ಮತ್ತು ಆಟದ ನಂತರ ಮಾತನಾಡಿಸಿದಾಗ, ಪಂದ್ಯ ಮುಗಿದ ಮೇಲೆ ಜನರ ಹಗೆತನ ಇಳಿದಿರಲಿಲ್ಲ, ಏರಿತ್ತು. ಅದೂ ಸೋತ ಪಕ್ಷದವರಲ್ಲಿ ಮಾತ್ರವಲ್ಲ, ಗೆದ್ದವರ ಕಡೆಯವರಲ್ಲೂ ಏರಿತ್ತು. ಜಿಮ್ನಾಸ್ಟಿಕ್ಸ್ ನೋಡಲು ಬಂದವರಲ್ಲಿ ಆ ಏರಿಕೆ ಕಾಣಲಿಲ್ಲ. ಆದ್ದರಿಂದ ಕೂಗಾಡಿದ ಮಾತ್ರಕ್ಕೆ ಹಗುರಾಗುತ್ತದೆ ಎಂದು ನಂಬಿ ನೀವು ಕಣ್ಣುಮುಚ್ಚಿ ಕುಳಿತುಕೊಳ್ಳಬೇಡಿ.

ಆದರೆ ಪೈಪೋಟಿಯನ್ನು ಹಿಡಿತದಲ್ಲಿಡುವ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ನಾನು ಹತ್ತು ಹನ್ನೊಂದು ವರ್ಷದವನಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ಜಾತ್ರೆಯ ಕುಸ್ತಿ ನೋಡಿದ್ದು ನೆನಪಿದೆ. ಕೊನೆಯ ಕುಸ್ತಿ, ಬೆಳ್ಳಿ ಕಡಗದ ಕುಸ್ತಿ, ನಮ್ಮೂರಿನ ಪೈಲ್ವಾನನಿಗೂ ಹೊಳೆಯಾಚೆಯ ಊರಿನವನಿಗೂ. ಹಲಗಿಯವರು ಕಣದ ಸುತ್ತ ಬಾರಿಸುತ್ತ ತಿರುಗುತ್ತಿದ್ದರು, ಎರಡೂ ಊರಿನವರು ಒಬ್ಬರನ್ನೊಬ್ಬರು ಏನೆಲ್ಲ ಅಂದರೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ಇಬ್ಬರು ಪೈಲ್ವಾನರೂ ಬಗ್ಗಿ ಕಣದ ಮಣ್ಣು ತೆಗೆದು ಮೈಗೆ ತಿಕ್ಕಿಕೊಂಡು, ಕೈಗೆ ಕೈ ಹಚ್ಚಿ ಹಿಡಿತಕ್ಕೆ ಇಳಿದರು. ನಮ್ಮವನು ಚಿತ್ತಾದ. ಆ ಗಳಿಗೆಯಲ್ಲಿ ನಮ್ಮೂರ ಕುಸ್ತಿ ಕಮಿಟಿಯ ಹಿರಿಯರೊಬ್ಬರು, ಅಲ್ಲಿಯವರೆಗೆ ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವರು, ಪಟಕಾ ಸರಿಮಾಡಿಕೊಂಡು ಕಣಕ್ಕಿಳಿದು ಹತ್ತು ರೂಪಾಯಿಯ ನೋಟೊಂದನ್ನು ಗೆದ್ದವನ ಕೈಗಿಟ್ಟು ಬೆನ್ನು ತಟ್ಟಿದರು. ಅಪ್ಪ ನನಗೆ ಏನೂ ವಿವರಿಸಲಿಲ್ಲ, ವಿವರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಆ ನೋಟು ನೋಡಿದ ಮೇಲೆ ನಮ್ಮೂರಿನ ಯಾರೊಬ್ಬರೂ ಕಲ್ಲು ಎತ್ತಿಕೊಳ್ಳುವಂತಿರಲಿಲ್ಲ.

ನಮ್ಮ ಜಿಲ್ಲೆಯ ಹಲಸಂಗಿಯಂಥ ಊರುಗಳು ಬೆಳೆಸಿದ ಲಾವಣಿ ಮತ್ತು ಗೀಗೀ ಪದಗಳ ಪರಂಪರೆಯಲ್ಲೂ ಇದೇ ಜಾಣತನವಿದೆ. ಹಾಡುವವರ ಎರಡು ಪಕ್ಷಗಳಲ್ಲಿ ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ರಾತ್ರಿಯೆಲ್ಲ ವಾದ ಹೂಡುತ್ತಾರೆ. ಕೇಳುಗರೂ ಎರಡು ಪಕ್ಷವಾಗಿ ಕುಳಿತು ತಮ್ಮವರಿಗೆ ಹುರುಪು ತುಂಬುತ್ತಾರೆ. ಚುಚ್ಚುಮಾತಿಗೆ ಅಲ್ಲಿ ಕೊರತೆಯಿಲ್ಲ. ಆದರೆ ಪದಕ್ಕೆ ಉತ್ತರ ಪದದಿಂದಲೇ ಬರಬೇಕು, ಪ್ರಾಸ ಕೂಡಬೇಕು, ಪುರಾಣದ ಆಧಾರ ಇರಬೇಕು. ಬರಿಯ ಬೈಗುಳ ತಂದವನು ಸೋತಂತೆಯೇ. ಎದುರಾಳಿ ಚೆನ್ನಾಗಿ ಹಾಡದಿದ್ದರೆ ನಮ್ಮವನ ಹಾಡಿಗೂ ಬೆಲೆಯಿಲ್ಲ ಎಂಬುದು ಅಲ್ಲಿ ಕುಳಿತವರಿಗೆಲ್ಲ ಗೊತ್ತು. ಮೊಬೈಲಿನ ಜಗಳಕ್ಕೆ ಈ ಯಾವ ಕಟ್ಟೂ ಇಲ್ಲ. ಎದುರಿನವನ ಮುಖ ಕಾಣುವುದಿಲ್ಲ, ಬೆನ್ನು ತಟ್ಟುವ ಹಿರಿಯರಿಲ್ಲ, ಮತ್ತು ಗುರಿ ತಂಡದಿಂದ ಆಟಗಾರನಿಗೆ, ಆಟಗಾರನಿಂದ ಅವನ ಮನೆಯವರಿಗೆ ಜಾರಲು ಎರಡು ನಿಮಿಷ ಸಾಕು. 2023ರ ಮೇ 21ರಂದು ಶುಭಮನ್ ಗಿಲ್ ಅವರ ಶತಕದಿಂದ ಬೆಂಗಳೂರು ತಂಡ ಹೊರಬಿದ್ದ ರಾತ್ರಿ ನಮ್ಮದೇ ಕಡೆಯ ಅಭಿಮಾನಿಗಳೆನಿಸಿಕೊಂಡವರು ಅವರ ಕುಟುಂಬದ ಹೆಣ್ಣುಮಕ್ಕಳನ್ನೂ ಬಿಡದೆ ನಿಂದಿಸಿದರು. ಅಪಾಯದ ಗುರುತು ಯಾವುದೆಂದು ನೀವು ಕೇಳಿದರೆ ನಾನು ತೋರಿಸುವುದು ಇದನ್ನು: ಕೂಗಿನ ಜೋರನ್ನಲ್ಲ, ಮಾತು ಆಟವನ್ನು ಬಿಟ್ಟು ಮನುಷ್ಯನ ಮೇಲೆ, ಅವನ ಮನೆತನದ ಮೇಲೆ ಇಳಿಯುವ ಗಳಿಗೆಯನ್ನು.

ಈಗ ನಿಮ್ಮ ಎರಡನೆಯ ಪ್ರಶ್ನೆ. ಟಿ.ವಿ. ಬಂದ್ ಮಾಡಬೇಡಿ. ಮಾಡಿದರೆ ಅವರು ಮೊಬೈಲಿನಲ್ಲಿ ನೋಡುತ್ತಾರೆ, ಆಗ ಅವರ ನಡುವೆ ನೀವು ಇರುವುದಿಲ್ಲ. ನಿಮ್ಮಂಥವರು ಏನು ಮಾಡಬಹುದು ಎಂಬುದಕ್ಕೆ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಲೆವಿನ್ ಮತ್ತು ಸಂಗಡಿಗರು ಮಾಡಿ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಹೇಳುತ್ತೇನೆ. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಭಿಮಾನಿಗಳಾದ ವಿದ್ಯಾರ್ಥಿಗಳನ್ನು ಕರೆದು, ಮೊದಲು ತಮ್ಮ ತಂಡದ ಮೇಲಿನ ಪ್ರೀತಿಯನ್ನು ಕುರಿತು ಬರೆಯಲು ಹೇಳಿದರು. ಬಳಿಕ ಇನ್ನೊಂದು ಕಟ್ಟಡಕ್ಕೆ ಒಬ್ಬೊಬ್ಬರನ್ನೇ ಕಳಿಸಿದಾಗ, ದಾರಿಯಲ್ಲಿ ಓಡುತ್ತ ಬಂದವನೊಬ್ಬ ಜಾರಿ ಬಿದ್ದು ಕಾಲು ಹಿಡಿದುಕೊಂಡು ನರಳಿದ, ಅದೆಲ್ಲ ನಟನೆ. ಬಿದ್ದವನು ಮ್ಯಾಂಚೆಸ್ಟರ್ ಜರ್ಸಿ ತೊಟ್ಟಿದ್ದರೆ 13 ಜನರಲ್ಲಿ 12 ಜನ ನಿಂತು ನೆರವಾದರು. ಬದ್ಧವೈರಿ ಲಿವರ್‌ಪೂಲಿನ ಜರ್ಸಿ ತೊಟ್ಟಿದ್ದಾಗ ಹತ್ತರಲ್ಲಿ ಮೂರು ಜನ ಮಾತ್ರ. ಮುಂದಿನ ಸುತ್ತಿನಲ್ಲಿ ಅಂಥದೇ ಅಭಿಮಾನಿಗಳಿಗೆ ತಮ್ಮ ತಂಡದ ಬದಲು, ಫುಟ್‌ಬಾಲ್ ಆಟದ ಪ್ರೇಮಿಯಾಗಿರುವುದೆಂದರೆ ಏನು ಎಂಬುದನ್ನು ಕುರಿತು ಬರೆಯಲು ಹೇಳಿದರು, ಅಷ್ಟೇ ಬದಲಾವಣೆ. ಈ ಸಲ ಲಿವರ್‌ಪೂಲ್ ಜರ್ಸಿಯವನಿಗೆ ಹತ್ತರಲ್ಲಿ ಏಳು ಜನ ನೆರವಾದರು. ಸಾದಾ ಅಂಗಿಯವನಿಗೆ ಮಾತ್ರ ಒಂಬತ್ತರಲ್ಲಿ ಇಬ್ಬರು. "ನಮ್ಮವರು" ಎಂಬ ವೃತ್ತ ದೊಡ್ಡದಾಯಿತು, ಆದರೆ ಅದರ ಹೊರಗೆ ಉಳಿದವನು ಹೊರಗೇ ಉಳಿದ ಎಂಬುದನ್ನೂ ಗಮನಿಸಿ.

ವೃತ್ತ ಎಷ್ಟು ಬೇಗ ಹಿಗ್ಗುತ್ತದೆ ಎಂಬುದಕ್ಕೆ 2024ರಷ್ಟು ಒಳ್ಳೆಯ ಉದಾಹರಣೆ ಸಿಗಲಾರದು. ಐಪಿಎಲ್ ಉದ್ದಕ್ಕೂ ಹಾರ್ದಿಕ್ ಪಾಂಡ್ಯ ಅವರನ್ನು ಛೀಮಾರಿ ಹಾಕಿದ ವಾಂಖೆಡೆ ಮೈದಾನವೇ, ವಿಶ್ವಕಪ್ ಗೆದ್ದು ಬಂದಾಗ ಜುಲೈ 4ರಂದು ಅದೇ ಹೆಸರನ್ನು ಕೂಗಿ ಜೈಕಾರ ಹಾಕಿತು. ಹಿರಿಯನೊಬ್ಬನ ಒಂದು ಸನ್ನೆಗೂ ಬಲವುಂಟು. 2019ರ ವಿಶ್ವಕಪ್‌ನಲ್ಲಿ ಓವಲ್ ಮೈದಾನದ ಭಾರತೀಯ ಪ್ರೇಕ್ಷಕರು ಸ್ಟೀವ್ ಸ್ಮಿತ್ ಅವರನ್ನು ಹೀಯಾಳಿಸುತ್ತಿದ್ದಾಗ ವಿರಾಟ್ ಕೊಹ್ಲಿ ಆ ಪ್ರೇಕ್ಷಕರತ್ತ ತಿರುಗಿ, ಬದಲಿಗೆ ಚಪ್ಪಾಳೆ ತಟ್ಟಿರಿ ಎಂದು ಕೈಸನ್ನೆ ಮಾಡಿದರು. ನಿಮ್ಮ ಹುಡುಗನಿಗೆ ಇನ್ನೊಂದು ಸಂಗತಿಯನ್ನೂ ಹೇಳಿ: 1999ರ ಜನವರಿಯಲ್ಲಿ ಪಾಕಿಸ್ತಾನ ತಂಡ ಭಾರತವನ್ನು ಕೇವಲ 12 ರನ್‌ಗಳಿಂದ ಸೋಲಿಸಿದಾಗ, ಎದ್ದು ನಿಂತು ಆ ತಂಡಕ್ಕೆ ಚಪ್ಪಾಳೆ ತಟ್ಟಿ ಕಳಿಸಿದ್ದು ಅವನು ಇಷ್ಟು ಹಳಿಯುವ ಅದೇ ಚೆನ್ನೈಯ ಜನ.

ನಿಮ್ಮ ಖಾನಾವಳಿಗೆ ಇದನ್ನು ಅನ್ವಯಿಸುವುದಾದರೆ, ಟಿ.ವಿ.ಯ ಎದುರಿನ ಬೆಂಚುಗಳಲ್ಲಿ ಕೆಂಪು ಒಂದು ಕಡೆ, ಹಳದಿ ಒಂದು ಕಡೆ ಕೂರದಂತೆ ನೋಡಿಕೊಳ್ಳಿ. ಊಟದ ತಟ್ಟೆ ಇಡುವವರು ನೀವೇ ಆದ್ದರಿಂದ ಇದು ಕಷ್ಟವಲ್ಲ. ಮೊದಲ ಮಾತು ನಿಮ್ಮದಾಗಿರಲಿ, ಎದುರಾಳಿಯ ಒಳ್ಳೆಯ ಚೆಂಡಿಗೆ, ಒಳ್ಳೆಯ ಕ್ಯಾಚಿಗೆ ಗಲ್ಲಾದ ಮೇಲೆ ಕುಳಿತ ಯಜಮಾನರೇ "ಭೇಷ್" ಎಂದರೆ ಕುಳಿತವರ ಗಂಟಲು ಸ್ವಲ್ಪ ಇಳಿಯುತ್ತದೆ. ಅಪ್ಪ, ಅವ್ವ, ಜಾತಿ, ಭಾಷೆಯ ಹೆಸರೆತ್ತಿದವನ ಊಟದ ಲೆಕ್ಕ ಅಲ್ಲಿಗೇ ಮುಗಿಸಿ ಹೊರಗೆ ಕಳಿಸಿ, ಅವನು ಯಾವ ತಂಡದವನೇ ಆಗಲಿ.

ಮಾತು ಬಿಟ್ಟ ಇಬ್ಬರನ್ನು ಎದುರುಬದುರು ಕೂರಿಸಿ ಕ್ಷಮೆ ಕೇಳಿಸುವ ಪಂಚಾಯಿತಿಗೆ ನಾನು ಅಷ್ಟಾಗಿ ಒಲಿಯುವುದಿಲ್ಲ. 1954ರಲ್ಲಿ ಮುಜಾಫರ್ ಶರೀಫ್ ಅಮೆರಿಕದ ಓಕ್ಲಹೋಮಾದ ಶಿಬಿರವೊಂದರಲ್ಲಿ 22 ಹುಡುಗರನ್ನು ಎರಡು ತಂಡ ಮಾಡಿ ಪೈಪೋಟಿಗೆ ಬಿಟ್ಟಾಗ ಅವರು ಬಾವುಟ ಸುಡುವ ಮಟ್ಟಕ್ಕೆ ಹೋದರು. ಸುಮ್ಮನೆ ಒಂದೆಡೆ ಊಟಕ್ಕೆ ಕೂರಿಸಿದಾಗ ಒಬ್ಬರ ಮೇಲೊಬ್ಬರು ಅನ್ನ ತೂರಾಡಿದರಷ್ಟೇ, ಸ್ನೇಹ ಬೆಳೆಯಲಿಲ್ಲ. ಕುಡಿಯುವ ನೀರು ನಿಂತು, ಎಲ್ಲರೂ ಕೂಡಿ ಸರಿಪಡಿಸದೆ ಗತಿಯಿಲ್ಲ ಎಂಬಂಥ ಕೆಲಸಗಳು ಒಂದರ ಮೇಲೊಂದು ಬಂದಾಗ ನಂಟು ಮರಳಿತು. ನಿಮ್ಮಲ್ಲಿ ಇಂಥ ಕೆಲಸಕ್ಕೆ ಬರವಿರಲಾರದು. ಮುಂದಿನ ಸೀಸನ್ ಶುರುವಾಗುವ ಮೊದಲು ಟಿ.ವಿ.ಯನ್ನು ಗೋಡೆಗೆ ಎತ್ತರದಲ್ಲಿ ಹಾಕಿಸುವ ಯೋಚನೆಯಿದ್ದರೆ ಏಣಿ ಹಿಡಿಯಲು ಒಬ್ಬನನ್ನು, ಮೊಳೆ ಹೊಡೆಯಲು ಇನ್ನೊಬ್ಬನನ್ನು ಕರೆಯಿರಿ. ಹುಬ್ಬಿಗೆ ಹೊಲಿಗೆ ಬಿದ್ದವನೇ ಏಣಿಯ ಮೇಲಿರಲಿ.